ಬಾಗಿಲುರಾಯನ ನಿಯಮ

ಹಕ್ಕಿ ವಾಪಸು ಬಂದಿತ್ತು.

‘ಚೆನ್ನಾಗಿದೆ. ಆದರೆ ದುಡ್ಡು ಕೊಟ್ಟು ಕೊಳ್ಳುವ ಪ್ರೋಗ್ರಾಂನಲ್ಲಿ ಬರೆದದ್ದು, ನಮ್ಮಲ್ಲಿ ನಡೆಯುವುದಿಲ್ಲ’ ಎಂದು ಕೆಳಗೊಂದು ಸಾಲು. ಓದಿ ಚಿತ್ರಗಾರ್ತಿಗೆ ಮೈಯೆಲ್ಲ ಉರಿಯಿತು.

ಅವಳು ಆ ಹಕ್ಕಿ ಬರೆದು ಕಳಿಸಿದ್ದು ಮಕ್ಕಳಿಗೆ ಅಕ್ಷರ ಕಲಿಸುವ ಒಂದು ತಂತ್ರಾಂಶಕ್ಕೆ. ಯಾರು ಬೇಕಾದರೂ ಪುಕ್ಕಟೆ ಪಡೆದು, ಬಿಚ್ಚಿ ನೋಡಿ, ತಿದ್ದಿ, ಇನ್ನೊಬ್ಬರಿಗೆ ಹಂಚಬಹುದು. ಕೆಲವು ಗೆಳೆಯರು ಬಿಡುವು ಮಾಡಿಕೊಂಡು, ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅದನ್ನು ಕಟ್ಟುತ್ತಿದ್ದರು. ಯಾವುದು ಒಳಗೆ ಬರಬೇಕು, ಯಾವುದು ಬೇಡ ಎಂದು ನೋಡುವವನು ಅವರಲ್ಲೊಬ್ಬ; ಆ ಸಾಲು ಬರೆದವನೂ ಅವನೇ. ಅದಕ್ಕೇ ಎಲ್ಲರ ಬಾಯಲ್ಲೂ ಬಾಗಿಲುರಾಯ.

ಅವಳು ದಡದಡ ಮೆಟ್ಟಿಲು ಹತ್ತಿದಳು.

“ಏನ್ರೀ ಬಾಗಿಲುರಾಯರೇ, ಹಕ್ಕಿ ನಂದು. ಪುಕ್ಕಟೆ ಕೊಡ್ತಿರೋಳೂ ನಾನೇ. ಯಾವುದರಲ್ಲಿ ಬರೆದ್ರೆ ನಿಮಗೇನು?”

“ನಾಳೆ ಯಾವುದೋ ಊರಿನ ಟೀಚರ್‌ಗೆ ಈ ಹಕ್ಕಿಗೊಂದು ಟೋಪಿ ಹಾಕೋಣ ಅನ್ನಿಸಿದ್ರೆ? ಅವರೂ ಆ ಪ್ರೋಗ್ರಾಂ ಕೊಂಡ್ಕೋಬೇಕಾ?”

“ಎಲ್ಲರೂ ತೆರೆದು ತಿದ್ದೋ ಹಾಗೆ ಉಳಿಸಿ ಕೊಟ್ಟಿದೀನಲ್ಲ!”

“ನಿಯಮ ಅಂದ್ರೆ ನಿಯಮ ರೀ. ಮುಕ್ತ ತಂತ್ರಾಂಶ ಅಂದ ಮೇಲೆ ಕುಂಚವೂ ಮುಕ್ತವಾಗೇ ಇರಬೇಕು. ಚಿತ್ರ ಬರೆಯೋಕೆ ಪುಕ್ಕಟೆ ಪ್ರೋಗ್ರಾಂ ಇದೆ, ಮನೇಲಿ ಹಾಕ್ಕೊಳ್ಳೋದು ರಗಳೆ; ಈ ಕಂಪ್ಯೂಟರಲ್ಲಿ ಹಾಕಿಟ್ಟಿದೀನಿ. ಇಲ್ಲೇ ಬಂದು ಬರೀರಿ.”

ಅವನ ತುಟಿಯಂಚಿನಲ್ಲಿ ನಗುವಿತ್ತು. ಅದನ್ನು ಕಂಡು ಸಿಟ್ಟು ಇನ್ನಷ್ಟು ಏರಿತು. ಸಿಟ್ಟಿನ ಬೆನ್ನಿಗೇ ಇನ್ನೇನೋ ಎದ್ದು ಬಂತು. ಅದನ್ನು ಅವಳು ಅಲ್ಲೇ ಅದುಮಿದಳು.

ಹೊಸ ಕುಂಚ ಮಾತು ಕೇಳುತ್ತಿರಲಿಲ್ಲ. ಕೈ ಮುಂದೆ ಹೋದರೆ ಗೆರೆ ತೆವಳಿಕೊಂಡು ಹಿಂದೆ ಬರುತ್ತಿತ್ತು. ಅವಳು ಗೊಣಗಿದಾಗಲೆಲ್ಲ ಅವನು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂರುವನು, ಏನೇನೋ ಟೈಪ್ ಮಾಡುವನು, “ಈಗ ಎಳೀರಿ” ಎನ್ನುವನು. ಅವಳು ಎಳೆಯುತ್ತ ಓರೆಗಣ್ಣಿನಲ್ಲಿ ನೋಡಿದರೆ, ಅವನ ಕಣ್ಣು ಗೆರೆಯ ಮೇಲಿರದೆ ಅವಳ ಬೆರಳ ಮೇಲಿರುತ್ತಿತ್ತು. ಸಿಕ್ಕಿಬಿದ್ದ ಕಳ್ಳನಂತೆ ಆ ಕಣ್ಣು ಥಟ್ಟನೆ ಪರದೆಗೆ ಹಾರುತ್ತಿತ್ತು.

“ರೆಕ್ಕೆ ಇನ್ನೂ ಸ್ವಲ್ಪ…” ಎನ್ನುವನು. ಅವಳು ಅಳಿಸುವಳು. ಮತ್ತೆ ಬರೆಯುವಳು.

“ಏನೇ, ನಿನ್ನ ಹಕ್ಕಿಗೆ ಇನ್ನೂ ರೆಕ್ಕೆ ಬಲಿತಿಲ್ವಾ? ಈ ಹೊತ್ತಿಗೆ ಬೇರೆ ಹಕ್ಕಿಗಳು ಮೊಮ್ಮಕ್ಕಳನ್ನ ಕಂಡಿರ್ತವೆ!” ಎಂದು ಮನೆಯಲ್ಲಿ ಅತ್ತಿಗೆಯ ಕುಚೋದ್ಯ. ಅವಳಿಗೆ ನಗು ಬರಲಿಲ್ಲ. ತನಗೆ ಗೆರೆ ಎಳೆಯುವುದೇ ಮರೆತುಹೋಯಿತೇನೋ ಎಂಬ ಭಯ ಹಿಡಿದುಬಿಟ್ಟಿತ್ತು.

ಅದೇ ತಂತ್ರಾಂಶಕ್ಕೆ ಮೋಡಗಳನ್ನು ಬರೆದುಕೊಟ್ಟ ಡ್ರಾಯಿಂಗ್ ಮೇಷ್ಟ್ರು ಒಂದು ದಿನ ಬೀದಿಯಲ್ಲಿ ಸಿಕ್ಕರು. ನಿಮ್ಮ ಕುಂಚವೂ ಹೀಗೇ ಸತಾಯಿಸಿತೇ ಎಂದು ಕೇಳಿದಳು.

“ನಾನು ದುಡ್ಡು ಕೊಟ್ಟು ತಗೊಂಡಿದ್ರಲ್ಲೇ ಬರೆದೆನಲ್ಲ ತಾಯಿ. ಎಲ್ಲರೂ ತೆರೆಯೋ ಹಾಗೆ ಉಳಿಸಿ, ಮನೆಯಿಂದಲೇ ಕಳಿಸಿದೆ. ಹುಡುಗ ಚಕಾರ ಎತ್ತಲಿಲ್ಲ.”

ಅವಳು ನೇರ ಕೋಣೆಗೆ ಬಂದಳು. ಅವನೊಬ್ಬನೇ ಇದ್ದ.

“ನನ್ನ ಹಕ್ಕಿ ಚೆನ್ನಾಗಿಲ್ಲ ಅಂತ ನೆಟ್ಟಗೆ ಹೇಳೋಕೆ ಬಾಯಿಲ್ವಾ?”

“ಚೆನ್ನಾಗಿಲ್ಲ ಅಂತ ಯಾರಂದ್ರು?”

“ಮತ್ತೆ ಮೇಷ್ಟ್ರ ಮೋಡಕ್ಕಿಲ್ಲದ ನಿಯಮ ನನ್ನ ಹಕ್ಕಿಗೆ ಮಾತ್ರ ಯಾಕೆ?”

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಕೆಳಗೆ ಯಾರೋ ಟೈರಿಗೆ ಗಾಳಿ ಹೊಡೆಯುತ್ತಿದ್ದರು.

“ಮೇಷ್ಟ್ರು ಮನೇಲಿ ಬರೆದು ಕಳಿಸಿದ್ರು. ನೀವೂ ಹಾಗೇ ಕಳಿಸಿಬಿಟ್ರೆ… ಇಲ್ಲಿಗೆ ಯಾಕೆ ಬರ್ತೀರಾ?”

ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕಣ್ಣು ತುಂಬಿತು.

“ಅಷ್ಟಕ್ಕೆ ರೆಕ್ಕೆ ಅಳಿಸಿ ಅಳಿಸಿ ಬರೆಸಿದೆಯಾ? ನನ್ನ ಕೈಯೇ ಕೆಟ್ಟುಹೋಯ್ತು ಅಂತ ಅತ್ತಿದೀನಿ ಕಣೋ! ಬಾ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?”

“ಹೆದರಿಕೆ ಆಗಿತ್ತು. ತಪ್ಪು ಮಾಡಿದೆ. ಆ ನಿಯಮಾನೇ ತೆಗೆದುಹಾಕ್ತೀನಿ.”

“ನಿಯಮ ಏನು ಪಾಪ ಮಾಡ್ತು? ಅದರ ಬೆನ್ನಿಗೆ ಅವಿತುಕೊಂಡೋನು ನೀನು. ಎಲ್ಲರೂ ತೆರೆಯೋ ಹಾಗೆ ಕೊಡಿ ಅನ್ನು, ಒಪ್ತೀನಿ. ಯಾವುದರಲ್ಲಿ ಬರೀಬೇಕು ಅನ್ನೋದು ಬರೆಯೋರಿಗೆ ಬಿಡು. ಎಲ್ಲರಿಗೂ ಒಂದೇ.”

“ಒಂದೇ,” ಎಂದ ಅವನು.

“ಇನ್ಮೇಲೆ ನಾನು ಮನೇಲೇ ಬರೀತೀನಿ.”

ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟಳು. ಬಾಗಿಲು ಧಡ್ಡೆಂದು ಮುಚ್ಚಿತು. ಅವನು ತಲೆ ತಗ್ಗಿಸಿ ಕೂತ.

ಸ್ವಲ್ಪ ಹೊತ್ತಿಗೆ ಯಾರೋ ಕದ ತಟ್ಟಿದರು.

ತೆರೆದರೆ ಅವಳೇ. ಮೂಗು ಕೆಂಪಗಿತ್ತು, ಹುಬ್ಬಿನ ಗಂಟು ಬಿಚ್ಚಿರಲಿಲ್ಲ.

“ಸಿಟ್ಟು ಇಳಿದಿಲ್ಲ, ಮೊದಲೇ ಹೇಳಿಬಿಡ್ತೀನಿ. ಕೆಲಸ ಅಂತಾನೂ ಏನಿಲ್ಲ. ಸುಮ್ಮನೆ ಬಂದೆ.”

ಅವನು ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತ.

“ಬಾ,” ಎಂದ.