ಕಾಡಿಗೆವ್ವನ ಎರಡನೆಯ ಮರಿ

ಬೆಟ್ಟಗಳಿಗೆ ಯಾರೂ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ಏಳು ಕಣಿವೆಗಳಾಚೆ, ಹಿಮಗೋಡು ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ವಿಜಯಾಂಕ. ಅವನಿಗೆ ದೊಡ್ಡ ಮೃಗಾಲಯವಿತ್ತು, ಅದರಲ್ಲಿ ಹುಲಿಯಿತ್ತು, ಆನೆಯಿತ್ತು. ಆದರೆ ಪರದೇಶದವರು ಬುತ್ತಿ ಕಟ್ಟಿಕೊಂಡು ಬಂದು ನೋಡುವಂಥದ್ದು ಒಂದೂ ಇರಲಿಲ್ಲ. ಆ ಕೊರಗು ಅವನನ್ನು ತಿನ್ನುತ್ತಿತ್ತು.

ಒಂದು ದಿನ ಹೆಪ್ಪುಗಣ್ಣನೆಂಬ ಮಾಂತ್ರಿಕ ಮಂಜಿನೊಳಗಿಂದ ನಡೆದುಬಂದ. ಅವನ ಹಿಂದೆ ಒಂದು ಹೆಣ್ಣು ಪಾಂಡಾ ಬಂತು. ಬಿಳಿ ಮೈ, ಕರಿ ಕೈಕಾಲು, ಕಣ್ಣಿನ ಸುತ್ತ ಕಾಡಿಗೆ ಬಳಿದಂಥ ಕಪ್ಪು.

"ತಗೋ, ಇಟ್ಟುಕೋ," ಅಂದ ಹೆಪ್ಪುಗಣ್ಣ.

"ಬೆಲೆ ಏನು?" ಅಂದ ಅರಸ.

"ಬೆಲೆ ಇಲ್ಲ. ಇವಳು ಎರಡು ಹೆರುತ್ತಾಳೆ, ಒಂದನ್ನೇ ಸಾಕುತ್ತಾಳೆ. ಅದು ಇವಳ ಜಾತಿಯ ಗುಣ. ಸಾಕಿದ್ದು ನಿನ್ನದು. ಒಂದು ಹಗಲು ಒಂದು ರಾತ್ರಿ ತಾಯಿಯ ಎದೆ ಕಾಣದೆ ಬಿದ್ದದ್ದು ನನ್ನದು."

"ಆಗಲಿ," ಅಂದ ಅರಸ. ಬೆಲೆಯಿಲ್ಲದ ಸರಕಿನ ಬೆಲೆ ಅದನ್ನು ಮನೆಗೆ ತಂದ ಮೇಲೆ ತಿಳಿಯುತ್ತದೆ.

ಜನ ಆ ಪಾಂಡಾವನ್ನು ಕಾಡಿಗೆವ್ವ ಎಂದು ಕರೆದರು. ನೋಡಲು ಬಂದವರಿಂದ ಛತ್ರಗಳು ತುಂಬಿದವು. ಕೆಲವರು ದಿನವೂ ಬಂದರು. ಅವರಲ್ಲಿ ಮೊದಲನೆಯವಳು ರುದ್ರಾಣಿ ಎಂಬ ಮುದುಕಿ. ಬೆಳಗಾದರೆ ಗೋಡೆಯ ಪಕ್ಕ ಚಾಪೆ ಹಾಸಿ ಕೂರುವಳು, ಕೂಗಾಡುವವರನ್ನು ಗದರುವಳು. "ನಿನ್ನ ಗಂಡನ್ನ ಹಿಂಗೆ ನೋಡಿಕೊಂಡಿದ್ದರೆ ಅವನು ಇನ್ನೂ ನಾಲ್ಕು ವರ್ಷ ಬದುಕಿರ್ತಿದ್ದ," ಎಂದು ಜನ ರೇಗಿಸಿದರೆ, "ಅವನಿಗೆ ಇಷ್ಟು ಚೆಂದದ ಕಿವಿ ಇರಲಿಲ್ಲ ಕಣ್ರೋ," ಅನ್ನುವಳು.

ಕಾಡಿಗೆವ್ವ ಎರಡು ಮರಿ ಹೆತ್ತಳು. ಒಂದನ್ನು ಎದೆಗೆ ಒತ್ತಿಕೊಂಡಳು. ಇನ್ನೊಂದು, ಕೂದಲಿಲ್ಲದ್ದು, ಇಲಿಯಷ್ಟೇ ಇದ್ದದ್ದು, ನೆಲದ ಮೇಲೆ ಕಿರುಚುತ್ತ ಬಿದ್ದಿತ್ತು. ಜನರ ಕಣ್ಣೆಲ್ಲ ತಾಯಿಯ ಎದೆಯಲ್ಲಿದ್ದ ಮರಿಯ ಮೇಲೆ. ಮರುದಿನ ಹೆಪ್ಪುಗಣ್ಣ ಬಂದು ಬಿದ್ದದ್ದನ್ನು ತೋಳಿನ ಚೀಲಕ್ಕೆ ಹಾಕಿಕೊಂಡು ಹೋದ. ಅದರ ಉಸಿರು ಕುಡಿದ. ಆ ಉಸಿರೇ ಅವನ ಆಯುಷ್ಯ. ಉಳಿದ ಚಿಪ್ಪಿಗೆ ಮಂಜು ತುಂಬಿ ಬಿಟ್ಟ. ಅದು ಕಣ್ಣಿಲ್ಲದ ಮಂಜುಮೃಗವಾಗಿ ಎದ್ದು ಬಿದಿರುಕೆರೆ ಎಂಬ ಹಳ್ಳಿಯನ್ನು ನುಂಗಿತು. ಮನೆ ಉಳಿದವು, ಒಲೆ ಉಳಿದವು, ಜನ ಉಳಿಯಲಿಲ್ಲ.

ಆ ಹಳ್ಳಿಯ ಬಿದಿರು ವ್ಯಾಪಾರಿ ಮಾಳವ್ವ ಮಾತ್ರ ಬದುಕಿದಳು. ಅವತ್ತು ಅವಳು ಮೃಗಾಲಯಕ್ಕೆ ಬಿದಿರು ಹೇರಿಕೊಂಡು ಬಂದಿದ್ದಳು. ಅವಳ ಗಂಡ ಈರಗೊಂಡ ಹೋದ. ಮಗಳು ಪುಟ್ಟಕ್ಕಿ ಅಜ್ಜಿಯ ಊರಾದ ಹಾಲುಗುಂದದಲ್ಲಿ ಇದ್ದಳು, ಉಳಿದಳು. ಮಾಳವ್ವ ಅಳುವಷ್ಟು ಅತ್ತಳು. ಆಮೇಲೆ ಬೇರೆ ಕಾಡಿನಲ್ಲಿ ಬಿದಿರು ಕಡಿದು ತಂದಳು. ಪ್ರಾಣಿಗೆ ಹಸಿವೆಂಬುದು ನಿಲ್ಲುವುದಿಲ್ಲವಲ್ಲ.

ಸಾಕಿದ ಮರಿ ಬೆಳೆದು ನೆರೆರಾಜ್ಯಕ್ಕೆ ಉಡುಗೊರೆ ಹೋಯಿತು. ಕಾಡಿಗೆವ್ವ ಮತ್ತೆ ಬಸುರಾದಳು. ಹೆಪ್ಪುಗಣ್ಣ ಮೃಗಾಲಯದ ಬಾಗಿಲಲ್ಲಿ ನಿಂತು ನಕ್ಕ. "ಈ ಸಲ ನನ್ನ ಮೃಗ ಹಾಲುಗುಂದದ ಕಡೆ ಹೋಗುತ್ತದೆ," ಅಂದ.

ಮಾಳವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈ ಸಲ ಮರಿ ಸಿಗದಿದ್ದರೆ?"

"ಮರಿಗಳು ಕಣ್ಣು ಬಿಡುವುದರೊಳಗೆ ಸಿಗದಿದ್ದರೆ ನಾನು ಕರಗುತ್ತೇನೆ. ಆದರೆ ಸಿಗುತ್ತದೆ. ತಾಯಿಯ ಗುಣ ಯಾರು ಬದಲಾಯಿಸುತ್ತಾರೆ?"

ಕಾಡಿಗೆವ್ವ ಎರಡು ಹೆತ್ತಳು. ಒಂದನ್ನು ಅಪ್ಪಿದಳು, ಒಂದನ್ನು ಬಿಟ್ಟಳು. ಮಾಳವ್ವ ಬಿದ್ದ ಮರಿಯನ್ನು ಉಣ್ಣೆ ಹಾಸಿದ ಬುಟ್ಟಿಗೆ ಎತ್ತಿಕೊಂಡಳು. ಮೃಗಪಾಲಕ ದ್ಯಾಮಣ್ಣ ತಲೆ ಕೆರೆದುಕೊಂಡ.

"ಎರಡು ಕೊಟ್ಟರೆ ಅವಳು ತಗೊಳ್ಳಲ್ಲ ತಾಯಿ."

"ತಗೊಳ್ಳೋದು ಬೇಡ. ಒಂದೊಂದೇ ಕೊಡೋಣ. ನೀನು ಜೇನುನೀರಿನ ಬಟ್ಟಲು ಹಿಡಿ. ಅವಳು ಕುಡಿಯೋಕೆ ಬಗ್ಗಿದಾಗ ಕೈಲಿರೋದನ್ನ ತಗೊಂಡು ಬುಟ್ಟೀಲಿರೋದನ್ನ ಇಡ್ತೀನಿ. ಅದರ ಹೊಟ್ಟೆ ತುಂಬಿದ ಮೇಲೆ ಮತ್ತೆ ಬದಲು. ಅವಳ ಪಾಲಿಗೆ ಮರಿ ಒಂದೇ. ಹಾಲು ಮಾತ್ರ ಎರಡಕ್ಕೂ."

"ವಾಸನೆ ಹಿಡಿದುಬಿಟ್ಟರೆ?"

"ಅವಳ ಲದ್ದಿಯನ್ನೇ ಸವರೋಣ."

"ಕಚ್ಚಿದರೆ?"

"ಕಚ್ಚಿದರೆ ಕಚ್ಚಿಸಿಕೊಳ್ಳೋದು."

ಹಾಗೆಯೇ ಮಾಡಿದರು. ಮರುದಿನ ಹೆಪ್ಪುಗಣ್ಣ ಬಂದು ಬುಟ್ಟಿಗೆ ಮೂಗು ಇಟ್ಟ. ಮರಿಯ ಬಾಯಲ್ಲಿ ತಾಯಿಯ ಹಾಲು ನಾರುತ್ತಿತ್ತು. ಆಡಿದ ಮಾತು ಅವನನ್ನೂ ಕಟ್ಟಿಹಾಕಿತ್ತು. ಆ ಹಗಲು ರಾತ್ರಿಯೊಳಗೆ ಹಾಲು ಕಂಡ ಮರಿಯನ್ನು ಅವನು ಮುಟ್ಟುವಂತಿರಲಿಲ್ಲ. ಅವನ ಕೆನ್ನೆ ಒಂದಿಷ್ಟು ಒಳಗೆ ಹೋಯಿತು.

ಮೊದಲು ಅವನು ಚಳಿಯನ್ನು ಕಳಿಸಿದ. ರಾಜಧಾನಿಯ ಒಲೆಗಳೆಲ್ಲ ಒಮ್ಮೆಗೇ ಆರಿದವು. ಕೆಂಡ ಕಲ್ಲಾಯಿತು. ತಾಯಿಯ ಎದೆಯಲ್ಲಿದ್ದ ಮರಿ ಬೆಚ್ಚಗಿತ್ತು, ಬುಟ್ಟಿಯಲ್ಲಿದ್ದದ್ದು ನೀಲಿಗಟ್ಟತೊಡಗಿತು.

ಮಾಳವ್ವ ಗೋಡೆ ಹತ್ತಿ ಕೂಗಿದಳು. "ದಿನಾ ಬಂದು ಮುದ್ದು ಮುದ್ದು ಅಂತೀರಲ್ಲ, ಇವತ್ತು ಮೈ ಬಿಸಿ ಕೊಡೋರು ಯಾರಿದೀರಿ?"

ಜನ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು. ಮರಿ ಮಡಿಲಿಂದ ಮಡಿಲಿಗೆ ಹೋಯಿತು. ಕೊನೆಗೆ ಅದು ಕುಂಬಾರ ಸಿದ್ದಲಿಂಗನ ಕಂಬಳಿಯೊಳಗಿತ್ತು. ಚಳಿ ಇಳಿದಾಗ ಅವನ ಭುಜ ತಟ್ಟಿದರು, ಅವನು ಏಳಲಿಲ್ಲ. ಕೂತಲ್ಲೇ ಸತ್ತಿದ್ದ. ಬಿಗಿದ ತೋಳುಗಳನ್ನು ಬಿಡಿಸಿ ನೋಡಿದರೆ ಒಳಗೆ ಮರಿ ಕಿರುಚುತ್ತಿತ್ತು. ಅವನನ್ನು ಹೂಳಲು ಹೋದವರು ಹೋದರು. ಮಾಳವ್ವ ಮರಿ ಬದಲಾಯಿಸಲು ಹೋದಳು.

ಹೆಪ್ಪುಗಣ್ಣನ ಭುಜ ಕುಗ್ಗಿತು. ಎರಡನೆಯದಾಗಿ ಅವನು ಬಿದಿರಿಗೆ ಹೂ ಬಿಡಿಸಿದ. ಹೂ ಬಿಟ್ಟ ಬಿದಿರು ಸಾಯುತ್ತದೆ. ಬೆಟ್ಟಕ್ಕೆ ಬೆಟ್ಟವೇ ಬೂದಿ ಬಣ್ಣವಾಯಿತು. ಕಾಡಿಗೆವ್ವನ ಪಕ್ಕೆಲುಬು ಕಂಡವು, ಹಾಲು ಬತ್ತತೊಡಗಿತು. ಹಸುರು ಬಿದಿರು ಉಳಿದದ್ದು ಒಂದೇ ಕಡೆ. ಅದು ಬಿದಿರುಕೆರೆ. ತನ್ನ ಮೃಗದ ಎಲ್ಲೆಯೊಳಗೆ ಹೆಪ್ಪುಗಣ್ಣನ ಮಂತ್ರವೇ ಹೋಗುತ್ತಿರಲಿಲ್ಲ.

"ಅಲ್ಲಿ ಯಾರು ಕರೆದರೂ ಓಗೊಡಬೇಡ," ಅಂದ ದ್ಯಾಮಣ್ಣ. "ಓಗೊಟ್ಟವರನ್ನು ಅದು ನುಂಗುತ್ತೆ."

ಮಾಳವ್ವ ಕತ್ತಿ ಹಿಡಿದು ಹೋದಳು. ಮಂಜು ಅವಳ ಸೊಂಟದವರೆಗೆ ಬಂತು. ಅವಳು ಬಿದಿರು ಕಡಿಯತೊಡಗಿದಳು. ಮಂಜಿನೊಳಗಿಂದ ಈರಗೊಂಡನ ದನಿ ಬಂತು.

"ಮಾಳೀ, ಬಂದ್ಯಾ? ರೊಟ್ಟಿ ಆರಿಹೋಗ್ತಿದೆ ಬಾರೇ."

ಅವಳು ಕಡಿದಳು.

"ಮಾಳೀ, ಬೆನ್ನುನೋವು ಹೆಂಗಿದೆ? ಆ ಹೊರೆ ಇಳಿಸು, ನಾನು ಹೊರ್ತೀನಿ."

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕಡಿದಳು.

"ಮಾಳೀ, ಇಲ್ಲಿ ಬಹಳ ಕತ್ತಲೆ ಕಣೇ. ಒಂದು ಸಲ ಹೂಂ ಅನ್ನು."

ಅವಳು ಹೊರೆ ಕಟ್ಟಿದಳು, ತಲೆಗೇರಿಸಿದಳು, ಹಿಂತಿರುಗಿ ನೋಡದೆ ಬಂದಳು. ಸೆರಗನ್ನು ಬಾಯಿಂದ ತೆಗೆದಾಗ ಅದು ಕೆಂಪಾಗಿತ್ತು. ಅವಳು ಹಾಗೆ ಮತ್ತೆ ಮತ್ತೆ ಹೋಗಿ ಬಂದಳು. ಕಾಡಿಗೆವ್ವನ ಎದೆಗೆ ಹಾಲು ಇಳಿಯಿತು.

ಹೆಪ್ಪುಗಣ್ಣ ಈಗ ಒಣಗಿದ ಕಡ್ಡಿಯಂತಾಗಿದ್ದ. ಮೂರನೆಯದಕ್ಕೆ ಅವನು ಮಂತ್ರ ಹಾಕಲಿಲ್ಲ. ಯಾತ್ರಿಕನ ವೇಷ ಹಾಕಿ ಜನರ ನಡುವೆ ಕೂತ.

"ಎರಡು ಮರಿ ಅಂತಾರೆ," ಅಂದ. "ಒಟ್ಟಿಗೆ ನೋಡಿದವರು ಯಾರಾದರೂ ಇದೀರಾ? ಒಂದು ಸತ್ತಿದೆ. ಇರೋದು ಒಂದೇ. ಸಿದ್ದಲಿಂಗ ಸತ್ತದ್ದು ಸುಮ್ಮನೆ."

ಪ್ರೀತಿಯಿದ್ದ ಕಡೆ ಸುಳ್ಳು ಬೇಗ ಹತ್ತಿಕೊಳ್ಳುತ್ತದೆ. "ಎರಡನ್ನೂ ಒಟ್ಟಿಗೆ ತೋರಿಸಿ!" ಎಂದು ಜನ ಬಾಗಿಲು ಗುದ್ದಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ರುದ್ರಾಣಿ. ಅರಸ ಹೆದರಿದ.

"ತೋರಿಸಿಬಿಡು," ಅಂದ ಮಾಳವ್ವನಿಗೆ.

"ಒಟ್ಟಿಗೆ ಕಂಡರೆ ತಾಯಿ ಒಂದನ್ನ ದೂಡ್ತಾಳೆ ಮಹಾಸ್ವಾಮಿ."

"ಜನ ನನ್ನನ್ನ ದೂಡ್ತಾರೆ. ತೋರಿಸು!"

ಸಿಪಾಯಿಗಳು ಬುಟ್ಟಿಯನ್ನು ಕಿತ್ತುಕೊಂಡು ತಾಯಿಯ ಮುಂದಿಟ್ಟರು. ಜನ ಹೋ ಎಂದು ಕೂಗಿದರು. ಕಾಡಿಗೆವ್ವ ಬೆದರಿ, ಎದೆಯ ಮರಿಯನ್ನು ಬಿಗಿಹಿಡಿದು, ಬುಟ್ಟಿಯನ್ನು ಕಾಲಿನಿಂದ ತಳ್ಳಿದಳು. ಆ ಗದ್ದಲದಲ್ಲಿ ಅವಳು ಜೇನುನೀರಿಗೂ ಬಾಯಿ ಹಾಕಲಿಲ್ಲ. ರಾತ್ರಿಯೆಲ್ಲ ಜನ ದೀವಟಿಗೆ ಹಿಡಿದು ಅಲ್ಲೇ ನಿಂತರು. ಮರುದಿನವೂ ನಿಂತರು. ಬಿದ್ದ ಮರಿಯ ದನಿ ಸಣ್ಣದಾಯಿತು. ಒಂದು ಹಗಲು ಒಂದು ರಾತ್ರಿಯ ಗಡುವು ಮುಗಿಯಲು ಇನ್ನು ತುಸುವೇ ಇತ್ತು. ಆಗ ಯಾತ್ರಿಕ ಎದ್ದುನಿಂತು ಮುಸುಕು ತೆಗೆದು ತೋಳಿನ ಚೀಲವನ್ನು ಅಗಲಿಸಿದ. ಅವನನ್ನು ಕಂಡು ಜನ ಇನ್ನಷ್ಟು ಚೀರಿದರು. ಕಾಡಿಗೆವ್ವ ಇನ್ನಷ್ಟು ಬೆದರಿದಳು.

ಮಾಳವ್ವ ರುದ್ರಾಣಿಯ ಮುಂದೆ ಹೋಗಿ ನಿಂತಳು.

"ಅಕ್ಕ, ನಿನಗೆ ಬೇಕಾದ್ದು ಮರಿಯೋ, ಮರಿ ನೋಡೋದೋ?"

"ಇದೆಂಥ ಪ್ರಶ್ನೆಯೇ? ಮರಿ."

"ಹಂಗಾದರೆ ಬೆನ್ನು ತಿರುಗಿಸು."

ಮುದುಕಿ ಎದ್ದಳು. ಅವಳು ಚಾಪೆ ಎತ್ತಿದಳು, ಆ ಕಡೆಗೆ ಮುಖ ಮಾಡಿ ಹಾಸಿದಳು, ಬಾಯಿ ಮುಚ್ಚಿ ಕೂತಳು. ಪಕ್ಕದವನು ತಿರುಗಿದ. ಅವನ ಪಕ್ಕದವಳು ತಿರುಗಿದಳು. ರಾಜಧಾನಿಯೇ ಬೆನ್ನು ಹಾಕಿ ಕೂತಿತು. ಅರಸನೂ ತಿರುಗಿದ.

ಆ ಮೌನದಲ್ಲಿ ಕಾಡಿಗೆವ್ವ ಮೂಗೆತ್ತಿ ಜೇನು ಮೂಸಿದಳು. ಮಾಳವ್ವ ಬಿದ್ದ ಮರಿಗೆ ಲದ್ದಿ ಸವರಿ ಕೈ ಒಳಗಿಟ್ಟಳು. ತಾಯಿ ಕಚ್ಚಿದಳು. ಹಲ್ಲು ಮೂಳೆಗೆ ತಾಗಿತು. ಮಾಳವ್ವ ಕೈ ಎಳೆದುಕೊಳ್ಳಲಿಲ್ಲ, ಉಸಿರೂ ಬಿಡಲಿಲ್ಲ. ಹಲ್ಲು ಸಡಿಲವಾಯಿತು. ತಾಯಿ ಬಟ್ಟಲಿಗೆ ಬಗ್ಗಿದಳು. ಒಂದು ಮರಿ ಹೊರಗೆ ಬಂತು, ಇನ್ನೊಂದು ಎದೆಗೆ ಹೋಯಿತು, ಚಪ್ಪರಿಸತೊಡಗಿತು.

ಹೆಪ್ಪುಗಣ್ಣ ಮಣ್ಣಿಗೆ ಕುಸಿದ. "ಒಂದು ಕೊಡು ಮಾಳವ್ವ. ನಿನ್ನ ಗಂಡನನ್ನು ವಾಪಸು ಕೊಡುತ್ತೇನೆ."

"ನಿನ್ನ ಹತ್ತಿರ ಇರೋದು ಅವನ ದನಿ ಮಾತ್ರ," ಅಂದಳು ಮಾಳವ್ವ. "ನಾನು ಹೋಗಿ ನೋಡಿ ಬಂದಿದೀನಿ. ಸರಕಿಲ್ಲದವನ ಜೊತೆ ವ್ಯಾಪಾರ ಇಲ್ಲ."

ಬುಟ್ಟಿಯಲ್ಲಿದ್ದ ಮರಿ ಕಣ್ಣು ಬಿಟ್ಟಿತು. ಹಾಲು ಬಿಟ್ಟು ಮುಖ ತಿರುಗಿಸಿದ ಇನ್ನೊಂದೂ ಕಣ್ಣು ಬಿಟ್ಟಿತು. ಹೆಪ್ಪುಗಣ್ಣ ನೀರಾದ. ಆ ನೀರನ್ನು ನೆಲವೂ ಬೇಗ ಹೀರಲಿಲ್ಲ.

ಬಿದಿರುಕೆರೆಯಲ್ಲಿ ಮಂಜು ಎದ್ದುಹೋಯಿತು. ಮೃಗವಿದ್ದಲ್ಲಿ ಇಲಿಯಷ್ಟೇ ದೊಡ್ಡ ಎಲುಬಿನ ಗೂಡೊಂದು ಬಿದ್ದಿತ್ತು. ಮಾಳವ್ವ ಅದನ್ನು ಮಣ್ಣು ಮಾಡಿದಳು. ದನಿ ಮತ್ತೆ ಬರಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು ನಿಂತಿದ್ದಳೆಂದು ಕೆಲವರು ಹೇಳುತ್ತಾರೆ. ಆಮೇಲೆ ಪುಟ್ಟಕ್ಕಿಯನ್ನು ಕರೆದುಕೊಂಡು ಬಂದು ತನ್ನ ಮನೆಯ ಬಾಗಿಲು ತೆರೆದಳು.

ಬೆಟ್ಟದಲ್ಲಿ ಹೊಸ ಬಿದಿರು ಚಿಗುರಿತು. ಮರಿಗಳಿಗೆ ಕಾಲು ಬಂದ ದಿನ ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ ತಾಯಿಯ ಹತ್ತಿರ ಉರುಳುತ್ತ ಬಂದವು. ದ್ಯಾಮಣ್ಣ ಕಣ್ಣು ಮುಚ್ಚಿಕೊಂಡ. ಕಾಡಿಗೆವ್ವ ಇದನ್ನು ಮೂಸಿದಳು. ಅದನ್ನು ಮೂಸಿದಳು. ಎರಡೂ ತನ್ನವೇ ಎಂಬ ವಾಸನೆ ಬಂತು. ಅವಳು ಎರಡನ್ನೂ ಪಕ್ಕಕ್ಕೆ ಎಳೆದುಕೊಂಡು, ಕೂತು, ಬಿದಿರು ತಿನ್ನತೊಡಗಿದಳು.

ಅಲ್ಲಿಂದ ಮುಂದೆ ಹಿಮಗೋಡಿನಲ್ಲಿ ಬದುಕಿ ಉಳಿದವರೆಲ್ಲ ಸುಖವಾಗಿದ್ದರು.