ಕ್ಲಚ್ ಕೇಬಲ್ ಆರಿಸಿದವಳು

ತುಂಡಾದ ಕ್ಲಚ್ ಕೇಬಲ್ಲೊಂದು ಕೌಂಟರಿನ ಗಾಜಿನ ಮೇಲೆ ಬಂದು ಬಿತ್ತು.

"ಇದನ್ನ ಆರಿಸಿ ಕೊಟ್ಟವರು ಯಾರು?"

ಬಿಲ್ ಬರೆಯುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ತಲೆ ಎತ್ತುವ ಮೊದಲೇ ಧ್ವನಿಯ ಗುರುತು ಸಿಕ್ಕಿಬಿಟ್ಟಿತ್ತು. ಸಂತೆಯಂಥ ಗದ್ದಲದಲ್ಲಿ ಕೇಳಿದ್ದರೂ ಅವಳು ಆ ಧ್ವನಿಯನ್ನು ಹಿಡಿದುಬಿಡುತ್ತಿದ್ದಳು!

ಅರ್ಜೆಂಟಪ್ಪ...

ಆ ಹೆಸರು ಇಟ್ಟವಳು ಅವಳೇ. ಊರಿನ ಆಚೆ ತುದಿಯಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದ ಅವನು ಬಿಡಿಭಾಗ ಬೇಕೆಂದು ಫೋನ್ ಮಾಡಿದಾಗಲೆಲ್ಲ "ಸ್ವಲ್ಪ ಅರ್ಜೆಂಟು ಮೇಡಂ" ಎಂದೇ ಶುರುಮಾಡುತ್ತಿದ್ದ. ಆಮೇಲೆ ಅರ್ಜೆಂಟೆಲ್ಲ ಗಾಳಿಗೆ ಹೋಗಿ, ಮಾತು ಎಲ್ಲಿಂದ ಎಲ್ಲಿಗೋ ಹರಿಯುತ್ತಿತ್ತು. ತನ್ನನ್ನು ಸಾಕಿ ಬೆಳೆಸಿದ ಅಕ್ಕನ ಬಗ್ಗೆ, ರೇಸಿಗೆಂದು ತಾನೇ ಕೈಯಾರೆ ಸಜ್ಜು ಮಾಡುತ್ತಿದ್ದ ಹಳೆಯ ನೀಲಿ ಕಾರಿನ ಬಗ್ಗೆ ಅವನು ಹೇಳುತ್ತಿದ್ದ. ಚಿಕ್ಕಪ್ಪನ ಅಂಗಡಿಯ ಕೌಂಟರಿನಲ್ಲಿ ಕೂತು ಅವಳು ಕೇಳುತ್ತಿದ್ದಳು. ಕೇಳಿದ ಸಾಮಾನು ಪಾರ್ಸೆಲ್ಲಿನಲ್ಲಿ ಹೋಗುತ್ತಿತ್ತು.

ಬಸ್ಸು ಹತ್ತಿದರೆ ಮುಗಿಯುವ ದೂರ. ಆದರೂ ಇಬ್ಬರಲ್ಲಿ ಒಬ್ಬರೂ ಹತ್ತಿರಲಿಲ್ಲ. ಫೋನಿನಲ್ಲಿ ಇದ್ದ ಧೈರ್ಯ ಎದುರುಬದುರು ನಿಂತರೆ ಇರುತ್ತದೋ ಇಲ್ಲವೋ ಎಂಬ ಅಳುಕು ಇಬ್ಬರಿಗೂ ಇತ್ತು.

ಮೊದಲ ಸಲ ನೋಡುವಾಗ ಏನು ಮಾತಾಡಬೇಕೆಂದು ಅವಳು ಎಷ್ಟು ಸಲ ಯೋಚಿಸಿದ್ದಳೋ. ಈಗ ನೋಡಿದರೆ ಎದುರಿಗೆ ಗ್ರೀಸು ಮೆತ್ತಿದ ಅಂಗಿ, ನಿದ್ದೆಗೆಟ್ಟ ಕಣ್ಣು, ಬಿಗಿದ ದವಡೆ.

"ನಾನೇ ಆರಿಸಿದ್ದು," ಎಂದಳು.

ಅವನ ಮುಖದಲ್ಲಿ ಏನೋ ಒಂದು ಕ್ಷಣ ಸಡಿಲವಾಗಿ ಮತ್ತೆ ಗಟ್ಟಿಯಾಯಿತು. ಅವನಿಗೂ ಅವಳ ಧ್ವನಿ ತಿಳಿದಿತ್ತು.

"ಹಾಗಾದ್ರೆ ಕೇಳಿ. ಇದು ಕಿತ್ತುಹೋಗಿ ನನ್ನ ಅಕ್ಕನ ಕೈ ಮುರಿದಿದೆ."

ನಡೆದದ್ದನ್ನು ಅವನು ಹೇಳಿದ.

ಗ್ಯಾರೇಜಿನಿಂದ ಕಾರು ಹೊರತೆಗೆಯುವಾಗ ಬಾಗಿಲು ಕಿರಿದೆಂದು ಅಕ್ಕ ಮುಂದೆ ನಿಂತು ಕೈಸನ್ನೆ ಮಾಡುವುದು ರೂಢಿ. ಅವತ್ತೂ ನಿಂತಿದ್ದರು. ಅವನು ಕ್ಲಚ್ ತುಳಿದು ಗೇರ್ ಹಾಕಿದ್ದ. ಪೆಡಲ್ ಕಾಲಡಿಯಲ್ಲೇ ಸತ್ತುಬಿದ್ದಿತ್ತು, ಕಾರು ನೆಗೆದಿತ್ತು. ಅಕ್ಕ ಪಕ್ಕಕ್ಕೆ ಹಾರಿ ಬಿದ್ದದ್ದರಿಂದ ಮಣಿಕಟ್ಟು ಮುರಿದಷ್ಟಕ್ಕೆ ಮುಗಿಯಿತು, ಇಲ್ಲದಿದ್ದರೆ...

"ಈಗ ಹೇಗಿದ್ದಾರೆ ಅಕ್ಕ?"

"ಪ್ಲಾಸ್ಟರ್ ಹಾಕಿದ್ದಾರೆ. ನಾಳೆ ರೇಸು. ನೀವು ಚೆನ್ನಾಗಿದೆ ಅಂದ್ರಿ ಅಂತ ಕಣ್ಮುಚ್ಚಿ ಹಾಕಿದ್ದೆ."

ಕಣ್ಮುಚ್ಚಿ... ಆ ಮಾತು ಚುಚ್ಚಿತು. ನಿಜವಾಗಿ ತಪ್ಪು ನನ್ನದೇನಾ? ಹಾಗಾದರೆ ಇನ್ನು ಯಾವ ಮುಖ ಇಟ್ಟುಕೊಂಡು ಇವನ ಜೊತೆ ಮಾತಾಡಲಿ?

ಒಳಗಿನಿಂದ ಚಿಕ್ಕಪ್ಪ ಓಡಿಬಂದರು. ಗಿರಾಕಿ ಕೂಗಾಡುವುದು ಅವರಿಗೆ ಆಗದ ಮಾತು. ಕ್ಷಮೆ ಕೇಳಿ, ಕುರ್ಚಿ ಎಳೆದು, ಹೊಸದೊಂದು ಕೇಬಲ್ ಸುಮ್ಮನೆ ಕೊಟ್ಟು ಕಳಿಸೆಂದು ಅವಳಿಗೆ ಕಣ್ಣಲ್ಲೇ ಗದರಿದರು.

ಅವಳು ತುಂಡಾದ ಕೇಬಲ್ಲನ್ನೇ ದಿಟ್ಟಿಸುತ್ತಿದ್ದಳು. ಕಿತ್ತುಹೋಗುವ ಕೇಬಲ್ ಎಳೆಎಳೆಯಾಗಿ ಸವೆದಿರುತ್ತದೆ. ಇದರ ಹೊರಕವಚದೊಳಗಿನ ಪ್ಲಾಸ್ಟಿಕ್ ಕರಗಿ ಉಂಡೆಗಟ್ಟಿತ್ತು. ಅದೂ ಉದ್ದಕ್ಕೂ! ಬಿಸಿ ಸೈಲೆನ್ಸರ್ ಪೈಪ್ ತಾಗಿದರೆ ಒಂದೇ ಕಡೆ ಸುಡಬೇಕಲ್ಲ?

"ಕೊಡಲ್ಲ," ಎಂದಳು.

ಚಿಕ್ಕಪ್ಪ ಬೆಪ್ಪಾದರು.

"ಯಾಕೆ ಹೀಗಾಯ್ತು ಅಂತ ಗೊತ್ತಾಗೋ ತನಕ ಇನ್ನೊಂದು ಕೊಡಲ್ಲ. ಅದೂ ಕಿತ್ತುಹೋಗುತ್ತೆ. ಕಾರು ನೋಡಬೇಕು ನಾನು."

"ತಪ್ಪನ್ನ ನನ್ನ ಕಾರಿನ ಮೇಲೆ ಹಾಕ್ತಿದ್ದೀರಾ?" ಅವನ ಧ್ವನಿ ತಣ್ಣಗಾಯಿತು. "ಸಾರಿ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು ಕೌಂಟರ್ ಮೇಡಂ. ಅಷ್ಟಕ್ಕೇ ಬಂದಿದ್ದೆ."

ಅವನು ನೇರ ಎದುರಂಗಡಿಗೆ ಹೋದ. ಅಲ್ಲಿ ದಪ್ಪದೊಂದು ಕೇಬಲ್ ಕೊಂಡು, ಇತ್ತ ತಿರುಗಿಯೂ ನೋಡದೆ ಹೊರಟುಹೋದ.

ಅವಳ ಕಣ್ಣು ತುಂಬಿಬಂತು. ಸಾರಿ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಸಾರಿ ಎಂದು ಕೇಬಲ್ ಕೊಟ್ಟು ಕಳಿಸಿದ್ದರೆ ನಾಳೆ ಅದು ಓಡುವ ಕಾರಿನಲ್ಲಿ ಕಿತ್ತುಹೋಗುತ್ತಿತ್ತು. ಇವನಿಗೆ ಅದನ್ನು ಹೇಗೆ ಅರ್ಥ ಮಾಡಿಸುವುದು?

ಕರಗಿದ ಪ್ಲಾಸ್ಟಿಕ್ಕನ್ನು ಉಗುರಿನಲ್ಲಿ ಕೆರೆಯುತ್ತ ನಿಂತವಳಿಗೆ ಥಟ್ಟನೆ ಹೊಳೆಯಿತು. ಇದು ಹೊರಗಿನ ಬಿಸಿಯಲ್ಲ. ಒಳಗಿನ ತಂತಿಯೇ ಕಾದಿದೆ. ಕರೆಂಟು ಹರಿದಿದೆ!

ಸಿಕ್ಕಿದ ಕೇಬಲ್‌ಗಳನ್ನು ಚೀಲಕ್ಕೆ ತುರುಕಿ ಅವಳು ಬಸ್ ಸ್ಟಾಪಿನತ್ತ ಓಡಿದಳು. ಪಾರ್ಸೆಲ್ ಮೇಲೆ ಬರೆದು ಬರೆದು ಆ ವಿಳಾಸ ಬಾಯಿಪಾಠವಾಗಿತ್ತು.

ಅವಳು ಹೋಗುವಷ್ಟರಲ್ಲಿ ಹೊಸ ಕೇಬಲ್ ಹಾಕಿ ಆಗಿತ್ತು. ಅವನು ಸ್ಟೀರಿಂಗ್ ಹಿಂದೆ ಕೂತಿದ್ದ. ಕಾರಿನ ಮುಂದೆ ಅವನ ಅಕ್ಕ, ಪ್ಲಾಸ್ಟರಿನ ಕೈಯನ್ನು ಎದೆಗೆ ಕಟ್ಟಿಕೊಂಡು, ಇನ್ನೊಂದು ಕೈಯಲ್ಲಿ ಸನ್ನೆ ಮಾಡಲು ನಿಂತಿದ್ದರು.

ಅವಳ ಜೀವ ಬಾಯಿಗೆ ಬಂತು. ಚೀಲ ಅಲ್ಲೇ ಎಸೆದು ಓಡಿಹೋಗಿ ಅಕ್ಕನಿಗೂ ಕಾರಿಗೂ ನಡುವೆ ನಿಂತಳು.

"ಸೆಲ್ಫ್ ಹೊಡೀಬೇಡಿ!"

"ಇಲ್ಲಿಗೂ ಬಂದ್ರಾ?" ಅವನು ಬಾಗಿಲು ತೆಗೆದು ಇಳಿದ.

ಅಕ್ಕ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಇವಳೇನಾ ಫೋನಿನವಳು? ತಡಿ, ಏನು ಹೇಳ್ತಾಳೆ ಕೇಳೋಣ."

ಅವಳು ಏದುಸಿರು ಬಿಡುತ್ತ ಹೇಳಿದಳು. ಅಕ್ಕ ಪಕ್ಕಕ್ಕೆ ಹೋಗಬೇಕು, ಗೇರ್ ನ್ಯೂಟ್ರಲ್‌ನಲ್ಲಿ ಇರಬೇಕು, ಅವನು ಕೀ ತಿರುಗಿಸಿ ಸುಮ್ಮನೆ ಸೆಲ್ಫ್ ಹೊಡೆಯುತ್ತ ಇರಬೇಕು. ಅಷ್ಟೇ. ಆಮೇಲೂ ತಪ್ಪು ತನ್ನದೇ ಎನ್ನಿಸಿದರೆ ಇನ್ನೊಮ್ಮೆ ಕಣ್ಣಿಗೆ ಬೀಳುವುದಿಲ್ಲ.

ಬಾನೆಟ್ ಎತ್ತಿದಳು. ಎಂಜಿನ್ ಸುತ್ತಲ ಜಾಗವೆಲ್ಲ ಹೊಸ ನೀಲಿ ಬಣ್ಣದಲ್ಲಿ ಥಳಥಳ ಹೊಳೆಯುತ್ತಿತ್ತು. ಅವಳು ಹೊಸ ಕೇಬಲ್ಲಿನ ತುದಿಯ ತಂತಿಯನ್ನು ಬೆರಳಲ್ಲಿ ಹಿಡಿದಳು.

ಅವನು ಕೀ ತಿರುಗಿಸಿದ. ಸೆಲ್ಫ್ ಮೋಟರ್ ಏದುತ್ತ ತಿರುಗಿತು. ತಂತಿ ಬೆಚ್ಚಗಾಯಿತು... ಬಿಸಿಯಾಯಿತು... ಅವಳು ಹಲ್ಲು ಕಚ್ಚಿ ಹಿಡಿದೇ ಇದ್ದಳು. ಸಣ್ಣಗೆ ಹೊಗೆ ಎದ್ದಿತು.

"ಬಿಡ್ರೀ ಅದನ್ನ!"

ಅವನು ಹೇಗೆ ಇಳಿದನೋ, ಹೇಗೆ ಬಂದನೋ. ಅವಳ ಕೈಯನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದ. ಬೆರಳ ತುದಿ ಕೆಂಪಗಾಗಿತ್ತು.

ಇಬ್ಬರೂ ಇಷ್ಟು ಹತ್ತಿರ ನಿಂತದ್ದು ಇದೇ ಮೊದಲು. ಅವಳಿಗೆ ಉರಿ ಮರೆತುಹೋಯಿತು.

"ಕ್ಲಚ್ ಕೇಬಲ್ಲಿಗೆ ಕರೆಂಟು ಎಲ್ಲಿಂದ ಬಂತು?" ಅವನು ಕೇಳಿದ. ಕೇಳುತ್ತಿದ್ದಂತೆಯೇ ಅವನಿಗೆ ಉತ್ತರ ಹೊಳೆಯಿತು. ಮುಖ ಬಿಳಿಚಿಕೊಂಡಿತು.

ಎಂಜಿನ್ನಿನಿಂದ ಕಾರಿನ ಮೈಗೆ ಕರೆಂಟು ಹಿಂದಿರುಗಲು ದಪ್ಪದೊಂದು ಅರ್ತಿಂಗ್ ವೈರ್ ಇರುತ್ತದೆ. ಅದು ಬಣ್ಣವಿಲ್ಲದ ಲೋಹಕ್ಕೆ ತಾಗಿರಬೇಕು. ಅವನು ಪ್ರೀತಿಯಿಂದ ಒಂದು ಮೂಲೆಯನ್ನೂ ಬಿಡದೆ ಬಣ್ಣ ಹೊಡೆದಿದ್ದ. ಆ ಬಣ್ಣದ ಮೇಲೆಯೇ ವೈರಿನ ಬೋಲ್ಟ್ ಬಿಗಿದಿದ್ದ! ದಾರಿ ಸಿಗದ ಕರೆಂಟು ಪ್ರತಿಸಲ ಸೆಲ್ಫ್ ಹೊಡೆದಾಗಲೂ ಕ್ಲಚ್ ಕೇಬಲ್ಲಿನ ಮೂಲಕ ನುಗ್ಗಿ ಅದನ್ನು ಸುಡುತ್ತಿತ್ತು.

ಅವನು ಕುಸಿದು ಕೂತ. "ನಾನೇ... ಅಕ್ಕನ ಕೈ ನಾನೇ ಮುರಿದೆ. ಹೋಗಿ ನಿಮ್ಮ ಮೇಲೆ ಕೂಗಾಡಿದೆ."

ಗೆದ್ದೆ ಎಂದು ಅವಳಿಗೆ ಅನ್ನಿಸಲಿಲ್ಲ. ಅವಳಿಗೆ ಬೇರೆಯೇ ಒಂದು ಮಾತು ನೆನಪಾಗಿತ್ತು.

"ನೀವೊಬ್ಬರೇ ಅಲ್ಲ," ಎಂದಳು ಪಕ್ಕದಲ್ಲಿ ಕೂತು. "ಬಣ್ಣ ಹೊಡೆದ ಮೇಲೆ ಸೆಲ್ಫ್ ಯಾಕೋ ಸೋಮಾರಿ ಆಗಿದೆ ಅಂತ ಫೋನಿನಲ್ಲಿ ಹೇಳಿದ್ರಿ. ಮಾಲೀಕರ ಥರಾನೇ ಅಂತ ನಕ್ಕುಬಿಟ್ಟೆ. ಅರ್ತಿಂಗ್ ನೋಡಿ ಅಂತ ಅವತ್ತೇ ಹೇಳಬೇಕಿತ್ತು. ಮೊಣಕಾಲು ನೋಯುತ್ತೆ ಅಂದ್ರಿ, ಪೆಡಲ್ ಹಗುರ ಇರಲಿ ಅಂತ ಸಪೂರದ ಕೇಬಲ್ ಕಳಿಸಿದೆ. ರೇಸ್ ಕಾರಿನ ಕ್ಲಚ್ಚಿಗೆ ಅದು ಸಾಲದು. ಮನಸ್ಸು ಕೊಟ್ಟು ಆರಿಸಿದೆ, ತಲೆ ಕೊಟ್ಟು ಆರಿಸಲಿಲ್ಲ."

ಹೇಳಿಯಾದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮನಸ್ಸು ಎಂಬ ಮಾತು ಬಾಯಿಂದ ಬಂದುಬಿಟ್ಟಿತ್ತಲ್ಲ!

ಅವನು ತಟ್ಟನೆ ತಲೆ ಎತ್ತಿದ.

ಅಕ್ಕ ಗಂಟಲು ಸರಿಮಾಡಿಕೊಂಡರು. "ಕೈ ಮುರಿದದ್ದು ನಂದು. ಅಳೋರು ನೀವಿಬ್ಬರು. ಎದ್ದು ಕೆಲಸ ನೋಡಿ."

ಎದ್ದರು. ಅವನು ಬೋಲ್ಟ್ ಬಿಚ್ಚಿ, ಆಸೆಯಿಂದ ಹೊಡೆದ ಬಣ್ಣವನ್ನು ಎಮರಿ ಪೇಪರಿನಲ್ಲಿ ಉಜ್ಜಿ ಉಜ್ಜಿ ಲೋಹ ಕಾಣುವಂತೆ ಮಾಡಿದ. ಅಷ್ಟರಲ್ಲಿ ಅವಳು ಚೀಲದ ಕೇಬಲ್‌ಗಳನ್ನು ಬೆಂಚಿನ ಮೇಲೆ ಹರಡಿದಳು. ಒಮ್ಮೆ ಕಾದ ಕೇಬಲ್ಲನ್ನು ನಂಬುವಂತಿರಲಿಲ್ಲ. ಎದುರಂಗಡಿಯದನ್ನು ಬಿಚ್ಚಿ ಮೂಲೆಗೆ ಹಾಕಿದಳು. ಸಪೂರದ್ದನ್ನು ತಾನೇ ಪಕ್ಕಕ್ಕಿಟ್ಟಳು. ಉಳಿದ ಎರಡು ದಪ್ಪನೆಯವನ್ನು ಒಂದೊಂದಾಗಿ ಎಂಜಿನ್ ಪಕ್ಕ ಹಾಯಿಸಿ ನೋಡಿದಳು. ಗಿಡ್ಡನೆಯದು ತಿರುವಿನಲ್ಲಿ ಮುರಿದುಕೊಂಡಂತೆ ಬಾಗುತ್ತಿತ್ತು. ಉದ್ದದ್ದು ಬಿಸಿ ಪೈಪಿನಿಂದ ದೂರಕ್ಕೆ ಸಲೀಸಾಗಿ ಹೋಯಿತು.

ಇದೇ ಇರಲಿ ಎಂದಳು. ಪೆಡಲ್ ಗಟ್ಟಿಯಾಗುತ್ತದೆ, ಮೊಣಕಾಲು ನೋಯುತ್ತದೆ ಎಂದೂ ಹೇಳಿದಳು. ನೋಯಲಿ ಎಂದ ಅವನು.

ಜೋಡಿಸಿದ ಮೇಲೆ ಸೆಲ್ಫ್ ಹೊಡೆದರೆ ಎಂಜಿನ್ ಒಂದೇ ಏಟಿಗೆ ಗುಡುಗಿತು. ಅವಳು ಕೇಬಲ್ ಮುಟ್ಟಿ ನೋಡಿದಳು. ತಣ್ಣಗಿತ್ತು.

ಅಕ್ಕನನ್ನು ಕಾರಿನ ಹಿಂದೆ ದೂರದಲ್ಲಿ ಕೂರಿಸಿದರು. ಅವನು ಕ್ಲಚ್ ತುಳಿದು ಗೇರ್ ಹಾಕಿದ.

ಕಾರು ನೆಗೆಯಲಿಲ್ಲ, ಆದರೆ ಮುಂದಕ್ಕೂ ಹೋಗಲಿಲ್ಲ.

ಅವಳು ಕಿಟಕಿಯಲ್ಲಿ ಬಗ್ಗಿ ನೋಡಿದಳು. ಅವನ ಹಣೆಯಲ್ಲಿ ಬೆವರು. ಎಡಗಾಲು ಪೆಡಲ್ಲಿಗೆ ಅಂಟಿಕೊಂಡಿತ್ತು.

"ಕಾಲು ಬಿಡೋಕೆ ಆಗ್ತಿಲ್ಲ," ಎಂದ ಮೆಲ್ಲಗೆ. "ಬಿಟ್ಟರೆ ಅಕ್ಕ ಬಿದ್ದದ್ದೇ ಕಣ್ಮುಂದೆ ಬರುತ್ತೆ. ನಾಳೆ ರೇಸು ಹೋಗಲಿ, ಇನ್ನು ಯಾವತ್ತೂ ಕಾರು ಓಡಿಸ್ತೀನಾ ಅಂತಲೇ ಗೊತ್ತಿಲ್ಲ."

ಅವಳು ಸುತ್ತಿಬಂದು ಪಕ್ಕದ ಸೀಟಿನಲ್ಲಿ ಕೂತಳು. ಬಾಗಿಲು ಹಾಕಿಕೊಂಡಳು. ಹೊರಗೆ ಕಿರಿದಾದ ಬಾಗಿಲಿನಾಚೆ ಬೀದಿ ಖಾಲಿಯಿತ್ತು.

"ಮಾತಾಡಿ. ಫೋನಿನಲ್ಲಿ ಮಾತಾಡ್ತಿದ್ದ ಹಾಗೆ."

ಅವನು ರಸ್ತೆಯನ್ನೇ ನೋಡುತ್ತ ಮಾತಾಡಿದ. "ಬೆಳಿಗ್ಗೆ ಕೋಪದಲ್ಲಿ ಬಂದೆ ಅಂದ್ಕೊಂಡ್ರಾ? ಭಯದಲ್ಲಿ ಬಂದಿದ್ದು. ತಪ್ಪು ನಿಮ್ಮದಾಗಿದ್ರೆ ನಿಮ್ಮನ್ನ ಮರೀಬೇಕಿತ್ತು. ಅದು ನನ್ನ ಕೈಲಿ ಆಗ್ತಿರಲಿಲ್ಲ. ಅಕ್ಕ ಬಿಟ್ರೆ ನನಗೆ ನೀವೇ."

ಅವಳು ಸುಟ್ಟ ಬೆರಳುಗಳ ಕೈಯನ್ನು ಗೇರಿನ ಮೇಲಿದ್ದ ಅವನ ಕೈಮೇಲೆ ಇಟ್ಟಳು.

"ನನಗೂ ಅಷ್ಟೇ," ಎಂದಳು. "ಯಾವಾಗಿನಿಂದಲೋ."

ಆಮೇಲೆ ಅವನ ಎಡಗಾಲಿನತ್ತ ನೋಡಿದಳು.

"ಕಾಲು ಬಿಡು ಈಗ."

ಅವಳ ಬಾಯಲ್ಲಿ ನೀವು ಹೋಗಿ ನೀನು ಬಂದದ್ದನ್ನು ಅವನು ಗಮನಿಸಿದ. ತಿರುಗಿ ಅವಳನ್ನು ನೋಡಿದ.

"ಬಿಟ್ಟರೆ ಕಾರು ಹೋಗುತ್ತೆ."

"ಹೋಗಲಿ. ನಾನೂ ಒಳಗೇ ಇದ್ದೀನಲ್ಲ."