ಹಾಸುಗಲ್ಲಿನ ಮೇಲೆ ಅಣ್ಣನ ಏಳು

"ಅಣ್ಣಾ... ನೀನೇನು?"

ಮಳಖೇಡದ ಪಾಳು ಕೋಟೆಯಲ್ಲಿ, ಮುಸ್ಸಂಜೆಯ ಮಬ್ಬಿನಲ್ಲಿ, ಬೆನ್ನು ತಿರುಗಿಸಿ ಕುಳಿತಿದ್ದ ಆಕೃತಿ ಮೆಲ್ಲಗೆ ಎದ್ದಿತು. ಕರೆದ ಲಲಿತಾಬಾಯಿ ಒಂದು ಹೆಜ್ಜೆ ಮುಂದೆ ಬಂದಳು.

ಅಣ್ಣ ಗುರುಲಿಂಗಪ್ಪ ಪ್ಲೇಗಿನಲ್ಲಿ ತೀರಿಕೊಂಡು ವರ್ಷವಾಗಿತ್ತು. ನಿಜಾಮರ ಹೈದರಾಬಾದಿನಲ್ಲಿ ಗಣಿತ ಕಲಿಸುತ್ತಿದ್ದವನು ರಜೆಗೆ ಬಂದಾಗ ಇದೇ ಹಾಸುಗಲ್ಲಿನ ಮೇಲೆ ಸೀಮೆಸುಣ್ಣದಿಂದ ತಂಗಿಗೂ ಕಲಿಸುತ್ತಿದ್ದ. ಅವನು ಬಿಟ್ಟುಹೋದ ಲೆಕ್ಕ ಒಂದೇ. ಅಬೇಲಿಯನ್ ಮೇಲ್ಮೈ ಎಂಬ ಗಣಿತದ ಆಕೃತಿಯೊಂದು ಎರಡು ಎಲಿಪ್ಟಿಕ್ ವಕ್ರರೇಖೆಗಳಾಗಿ ಒಡೆಯುತ್ತದೆಂದು ತೋರಿಸಬೇಕಿತ್ತು.

ಲಲಿತಾ ಮೊದಲನೆಯ ವಕ್ರರೇಖೆಯನ್ನು ಕಂಡುಹಿಡಿದು ಕಲ್ಲಿನ ಮೇಲೆ ಬರೆದು ಹೋಗಿದ್ದಳು. ಮರುದಿನ ನೋಡಿದರೆ... ಕೆಳಗೆ ಎರಡನೆಯದು! ಅವೇ ಅಂಕಿಗಳು, ಕನ್ನಡಿಯಲ್ಲಿ ಕಂಡಂತೆ ಕೊನೆಯಿಂದ ಮೊದಲಿಗೆ ನಿಂತಿದ್ದವು. ಏಳರ ನಡುವೆ ಅಡ್ಡಗೀಟು. ಅಣ್ಣನದೇ ರೂಢಿ!

ಅಂದಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಬಂದು ನೋಡುತ್ತಿದ್ದವಳು ಇಂದು ಸಂಜೆಗೂ ಬಂದಿದ್ದಳು. ಬರುತ್ತಾನೆ... ಅಣ್ಣ ಬಂದೇ ಬರುತ್ತಾನೆ...

"ನಾ ನಿಮ್ಮಣ್ಣ ಅಲ್ರಿ. ದೇವಿಂದ್ರಪ್ಪ, ಸೇಡಂ ಸಾಲಿ ಮಾಸ್ತರ. ಅವರ ಹತ್ರ ಕಲತಾಂವ."

ಲಲಿತಾಳಿಗೆ ಅಣ್ಣ ಎರಡನೆಯ ಸಲ ಸತ್ತಂತಾಯಿತು.

"ಸತ್ತವರ ಕೈಬರಹ ನಕಲ್ ಮಾಡಿ ಆಟ ಆಡ್ತೀರೇನ್ರಿ? ನಾಚಿಕಿ ಆಗಂಗಿಲ್ಲ?"

"ಆಟ ಅಲ್ರಿ! ಗುರುಗಳು ಕುಂದರತಿದ್ದ ಜಾಗಾ ನೋಡಬೇಕಂತ ಬಂದಿದ್ದೆ. ಕಲ್ಲಿನ ಮ್ಯಾಲ ಅವರ ಏಳು ಕಾಣ್ತು, ಆಗಷ್ಟ ಬರದಂಗ... ಬದುಕ್ಯಾರ ಅಂತ ತಿಳದು ಜವಾಬು ಬರದೆ. ದಿನಾ ಸಂಜಿಗಿ ಕಾಯಲಿಕತ್ತೀನಿ."

ಅಯ್ಯೋ! ಅವನು ನಂಬಿದ್ದು ಅವಳು ಅಣ್ಣನಂತೆಯೇ ಬರೆದ ಏಳನ್ನು! ಒಬ್ಬನೇ ಕಲಿಸಿದ ಇಬ್ಬರು, ಒಬ್ಬರನ್ನೊಬ್ಬರು ಆ ಸತ್ತವನೆಂದುಕೊಂಡು ಕಾದಿದ್ದರು. ಲಲಿತಾಳ ಸಿಟ್ಟು ಕರಗಿ ಅಳುವಾಯಿತು.

ಆಮೇಲೆ ಸಂಜೆಗಳೆಲ್ಲ ಆ ಕಲ್ಲಿನ ಬಳಿಯೇ ಕಳೆದವು. ಲೆಕ್ಕ ಮುಗಿದ ದಿನ ಮಾತ್ರ ಅವಳು ಸೀಮೆಸುಣ್ಣ ಕೆಳಗಿಡದೆ ನಿಂತಳು. ಇನ್ನು ಬರಲು ಅವನಿಗೆ ನೆಪವೇ ಇಲ್ಲವಲ್ಲ!

"ಮೇಲ್ಮೈ ಒಡೀತು. ಇನ್ನ ಎರಡೂ ರೇಖಿ ಬ್ಯಾರೆ ಬ್ಯಾರೆ..." ಅಂದಳು.

"ಪೂರಾ ಬ್ಯಾರೆ ಆಗಂಗಿಲ್ರಿ ಅವು. ಆ ಮೇಲ್ಮೈ ಒಳಗ ನಾಕು ಬಿಂದುದಾಗ ಕೂಡೇ ಇರ್ತಾವ." ಅವನು ಅವಳತ್ತ ತಿರುಗಿದ. "ನನಗೂ ನಿಮ್ಮನ್ನ ಬಿಟ್ಟಿರಲಿಕ್ಕಾಗಂಗಿಲ್ಲ. ಮನಿಗಿ ಬಂದು ಕೇಳಲೇನ್ರಿ?"

ನಾಚಿ ತಲೆ ತಗ್ಗಿಸಿದವಳ ಕಣ್ಣು ಕಲ್ಲಿನ ಮೇಲೆ ಬಿತ್ತು. ಎರಡು ವಕ್ರರೇಖೆಗಳ ನಡುವೆ ಸುಣ್ಣದ ನಾಲ್ಕು ಚುಕ್ಕೆಗಳಿದ್ದವು.

"ಇವ್ನ ಯಾವಾಗ ಇಟ್ರಿ?"

"ನಾ ಇಟ್ಟಿಲ್ರಿ... ನೀವಲ್ಲೇನು?"

ಕೋಟೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳ ಮೈ ಜುಮ್ಮೆಂದಿತು, ಆದರೆ ಹೆದರಿಕೆಯಾಗಲಿಲ್ಲ. ಮೆಲ್ಲನೆ ಅವನ ಕೈ ಹಿಡಿದಳು.

"ಅಣ್ಣ ಒಪ್ಪ್ಯಾನ. ಇನ್ನ ಅವ್ವನ್ನ ಕೇಳ್ರಿ."